ಹುಡುಕಿದ್ದು ಆನುವಂಶಿಕ ಗುಣ, ಸಿಕ್ಕಿದ್ದು ಕಾಮಾಲೆಯ ವೈರಸ್

1967ರ ಏಪ್ರಿಲ್ ತಿಂಗಳು. ಅಮೆರಿಕದ ಫಿಲಡೆಲ್ಫಿಯಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಬಾರ್ಬರಾ ವರ್ನರ್ ಅವರಿಗೆ ಮೈ ಹುಷಾರಿರಲಿಲ್ಲ. ಸಂಜೆ ತಮ್ಮ ರಕ್ತದ ಸೀರಮನ್ನು ತಾವೇ ಪರೀಕ್ಷೆಗಿಟ್ಟರು. ಹಿಂದಿನ ಪರೀಕ್ಷೆಗಳಲ್ಲಿ ಕಾಣದಿದ್ದ ಬಿಳಿ ಗೆರೆಯೊಂದು ಮರುದಿನ ಬೆಳಿಗ್ಗೆ ಮಸುಕಾಗಿ ಮೂಡಿತ್ತು. ಅವರಿಗೆ ತಗುಲಿದ್ದು ಯಕೃತ್ತಿನ ಉರಿಯೂತ, ಅಂದರೆ ಹೆಪಟೈಟಿಸ್. ಅದೃಷ್ಟವಶಾತ್ ಅವರು ಗುಣಮುಖರಾದರು.

ಆ ಗೆರೆಯ ಹಿಂದೆ ಬಿದ್ದಿದ್ದವರು ಅದೇ ಪ್ರಯೋಗಾಲಯದ ಬರೂಕ್ ಬ್ಲೂಂಬರ್ಗ್. 1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ವೈದ್ಯ ವೈರಸ್ ತಜ್ಞರೂ ಅಲ್ಲ, ಯಕೃತ್ತಿನ ತಜ್ಞರೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗ, 1950ರಲ್ಲಿ, ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿದ್ದರು. ತೋಟದ ಕೂಲಿಗಾಗಿ ಭಾರತ, ಜಾವಾ, ಆಫ್ರಿಕಾಗಳಿಂದ ಬಂದವರ ವಂಶಸ್ಥರು ಅಲ್ಲಿ ಒಟ್ಟಿಗೇ ಬಾಳುತ್ತಿದ್ದರು. ಆದರೆ ಆನೆಕಾಲು ರೋಗದ ಸೋಂಕು ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿರಲಿಲ್ಲ. ಹೀಗೇಕೆ? ಉತ್ತರ ರಕ್ತದ ಆನುವಂಶಿಕ ಗುಣಗಳಲ್ಲಿರಬೇಕೆಂದು ಅವರು ಊಹಿಸಿದರು.

ಅವರ ಉಪಾಯ ಸರಳವಾಗಿತ್ತು. ಪದೇ ಪದೇ ಬೇರೆಯವರ ರಕ್ತ ಪಡೆದವರ ದೇಹದಲ್ಲಿ ಆ ಪರಕೀಯ ಅಂಶಗಳ ವಿರುದ್ಧ ಪ್ರತಿಕಾಯಗಳು ಬೆಳೆದಿರುತ್ತವೆ. ಅಂಥವರ ಸೀರಮ್ಮನ್ನೂ ಜಗತ್ತಿನ ನಾನಾ ಜನಾಂಗಗಳ ಸೀರಮ್ಮನ್ನೂ ಅಗರ್ ಎಂಬ ಲೋಳೆಯ ಪದರದಲ್ಲಿ ಎದುರುಬದುರು ಇಟ್ಟರೆ, ಹೊಂದಾಣಿಕೆಯಾದಲ್ಲಿ ಬಿಳಿ ಗೆರೆ ಮೂಡುತ್ತದೆ. 1963ರಲ್ಲಿ ಹಾರ್ವೆ ಆಲ್ಟರ್ ಜೊತೆಗೂಡಿ ಹೀಗೆ ನೋಡುತ್ತಿದ್ದಾಗ ಹಿಮೊಫಿಲಿಯಾ ರೋಗಿಯೊಬ್ಬರ ಸೀರಂ 24 ಮಾದರಿಗಳ ಪೈಕಿ ಒಂದಕ್ಕೆ ಮಾತ್ರ ಸ್ಪಂದಿಸಿತು. ಅದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರದು. ಹಾಗಾಗಿ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬ ಹೆಸರು ಬಂತು. (ಇದೇ ಆಲ್ಟರ್‌ಗೆ 2020ರಲ್ಲಿ ಹೆಪಟೈಟಿಸ್ ಸಿ ಸಂಶೋಧನೆಗಾಗಿ ನೊಬೆಲ್ ದೊರೆಯಿತು.)

ಈ ಆಂಟಿಜೆನ್ ರಕ್ತಕ್ಯಾನ್ಸರ್ ರೋಗಿಗಳಲ್ಲಿಯೂ, ಅದರ ಅಪಾಯ ಹೆಚ್ಚಿರುವ ಡೌನ್ ಸಿಂಡ್ರೋಮ್ ಉಳ್ಳವರಲ್ಲಿಯೂ ಕಂಡಿತು. ಆನುವಂಶಿಕ ಎಂಬ ನಂಬಿಕೆ ಬಲವಾಯಿತು. ಆದರೆ 1966ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಯುವಕನೊಬ್ಬನಲ್ಲಿ ಮೊದಲು ಇರದಿದ್ದದ್ದು ಆಮೇಲೆ ಕಾಣಿಸಿಕೊಂಡಿತು. ಜೊತೆಗೆ ಯಕೃತ್ತೂ ಕೆಟ್ಟಿತ್ತು. ಹುಟ್ಟಿನಿಂದ ಬರುವ ಗುಣ ನಡುವೆ ಬರಲಾರದು. ಮರುವರ್ಷ ವರ್ನರ್ ಪ್ರಕರಣ ಅನುಮಾನವನ್ನು ಗಟ್ಟಿ ಮಾಡಿತು: ಇದು ವೈರಸ್‌ನ ಹೊರಕವಚದ ತುಣುಕು.

ವಿಜ್ಞಾನ ಲೋಕ ಸುಲಭಕ್ಕೆ ಒಪ್ಪಲಿಲ್ಲ. ಹೆಪಟೈಟಿಸ್ ವೈರಸ್ ಸಿಕ್ಕಿತೆಂಬ ಹುಸಿ ಘೋಷಣೆಗಳನ್ನು ಅದು ಬಹಳ ಕೇಳಿತ್ತು. 1968ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಪ್ರಿನ್ಸ್ ಮತ್ತು ಜಪಾನಿನ ಕಜುವೊ ಒಕೊಚಿ ದೃಢಪಡಿಸಿದ ಮೇಲೆ ರಕ್ತನಿಧಿಗಳಲ್ಲಿ ತಪಾಸಣೆ ಶುರುವಾಯಿತು. 1976ರಲ್ಲಿ ಬ್ಲೂಂಬರ್ಗ್‌ಗೆ ನೊಬೆಲ್ ಬಂತು.

ಅಷ್ಟರಲ್ಲಿ ಅವರೂ ಅರ್ವಿಂಗ್ ಮಿಲ್‌ಮನ್ನರೂ ಲಸಿಕೆಯ ವಿಧಾನಕ್ಕೆ 1969ರಲ್ಲೇ ಪೇಟೆಂಟ್ ಕೋರಿದ್ದರು. ಈ ವೈರಸ್ ಪ್ರಯೋಗಾಲಯದ ಪಾತ್ರೆಯಲ್ಲಿ ಬೆಳೆಯುತ್ತಿರಲಿಲ್ಲ. ಆದರೆ ಸೋಂಕಿತರ ರಕ್ತದಲ್ಲಿ ಅದರ ಬರಿಯ ಕವಚದ ಕಣಗಳು ಹೇರಳವಾಗಿದ್ದವು. ಅವನ್ನೇ ಸೋಸಿ, ಶುದ್ಧಗೊಳಿಸಿ ಮಾಡಿದ ಲಸಿಕೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಏಡ್ಸ್ ಭೀತಿಯ ಆ ದಿನಗಳಲ್ಲಿ ರಕ್ತದಿಂದ ತೆಗೆದ ಲಸಿಕೆಯೆಂದರೆ ಜನ ಹಿಂಜರಿದರು. 1986ರಲ್ಲಿ ಯೀಸ್ಟ್‌ನಿಂದ ತಯಾರಾದ ಲಸಿಕೆ ಬಂತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅಂಥದ್ದೇ ಸ್ವದೇಶಿ ಲಸಿಕೆ ಹೊರತಂದಿತು.

ಲಸಿಕೆ ಸೋಂಕನ್ನು ತಡೆಯುತ್ತದೆ. ಈಗಾಗಲೇ ತಗುಲಿದ್ದನ್ನು ವಾಸಿ ಮಾಡದು. ಮದ್ದಿನ ಹುಡುಕಾಟ ಬ್ಲೂಂಬರ್ಗ್ ಅವರನ್ನು ನಮ್ಮ ಹಿತ್ತಿಲಿಗೇ ತಂದಿತು. ಕಾಮಾಲೆಗೆ ಹಳ್ಳಿಗಳಲ್ಲಿ ಅರೆದು ಕುಡಿಸುವ ಕಿರುನೆಲ್ಲಿ ಅಥವಾ ನೆಲನೆಲ್ಲಿಯನ್ನು ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ತಂಡ ಪರೀಕ್ಷಿಸಿತು. ಬ್ಲೂಂಬರ್ಗ್ ಸಹಲೇಖಕರಾಗಿದ್ದ ಆ ವರದಿ 1988ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಗಿಡದ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ಆಂಟಿಜೆನ್ ಮಾಯವಾಗಿತ್ತು. ಹುಸಿ ಮಾತ್ರೆ ಪಡೆದ 23ರಲ್ಲಿ ಒಬ್ಬರಲ್ಲಿ ಮಾತ್ರ. ಆದರೆ ಇತರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ.

ಹಾಗಾದರೆ ಹಳ್ಳಿಯ ಮದ್ದು ಸುಳ್ಳೇ? ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ. ಬಿ ವೈರಸ್ ಹಾಗಲ್ಲ. ತಾಯಿಯಿಂದ ಹಸುಗೂಸಿಗೆ ದಾಟಿದರೆ ಹೆಚ್ಚಾಗಿ ಜೀವನಪರ್ಯಂತ ಉಳಿದು, ಮುಂದೆ ಯಕೃತ್ತಿನ ಕ್ಯಾನ್ಸರ್‌ಗೂ ದಾರಿಯಾಗಬಹುದು. ಆದ್ದರಿಂದಲೇ ಮೊದಲ ಚುಚ್ಚುಮದ್ದನ್ನು ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುತ್ತಾರೆ.