ಉತಾರ, ಎಫ್‌ಐಡಿ, ಮಳೆಮಾಪಕ: ವಿಜಯಪುರದ ದ್ರಾಕ್ಷಿ ಬೆಳೆಗಾರರ ವೆಬ್ ಸೇವೆಗಳಿಗೊಂದು ಆಂಟಾಲಜಿ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರ ಒಂದು ಹಂಗಾಮು ಮುಗಿಸುವಷ್ಟರಲ್ಲಿ ಹಲವು ಗಣಕ ವ್ಯವಸ್ಥೆಗಳನ್ನು ಹಾದು ಬರುತ್ತಾನೆ. ಹೊಲದ ಉತಾರ (ಪಹಣಿ) ಕಂದಾಯ ದಾಖಲೆಗಳ ‘ಭೂಮಿ’ಯಲ್ಲಿದೆ. ರೈತನ ಗುರುತಿನ ಸಂಖ್ಯೆಯಾದ ಎಫ್‌ಐಡಿ ‘ಫ್ರೂಟ್ಸ್’ನಲ್ಲಿದೆ. ಹೊಲದಲ್ಲಿ ನಿಂತ ಬೆಳೆ ಯಾವುದೆಂದು ಬೆಳೆ ಸಮೀಕ್ಷೆಯ ಆ್ಯಪ್ ದಾಖಲಿಸುತ್ತದೆ. ಹವಾಮಾನ ಆಧಾರಿತ ವಿಮೆಯ ಅರ್ಜಿ ‘ಸಂರಕ್ಷಣೆ’ ಪೋರ್ಟಲ್ ಸೇರುತ್ತದೆ. ಮಳೆ ಎಷ್ಟು ಬಿತ್ತೆಂಬುದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು ಸಾಕ್ಷಿ. ಕೊನೆಗೆ ಒಣದ್ರಾಕ್ಷಿ ವಿಜಯಪುರದ ಎಪಿಎಂಸಿಗೋ ಮಹಾರಾಷ್ಟ್ರದ ತಾಸಗಾಂವಕ್ಕೋ ಹೋಗುತ್ತದೆ.

ಈ ವ್ಯವಸ್ಥೆಗಳ ನಡುವೆ ಸಂಪರ್ಕವೇ ಇಲ್ಲವೆಂದಲ್ಲ. ಭೂಮಿಯಿಂದ ಫ್ರೂಟ್ಸ್‌ಗೆ, ಫ್ರೂಟ್ಸ್‌ನಿಂದ ಸಂರಕ್ಷಣೆಗೆ ದತ್ತಾಂಶ ಹರಿಯುತ್ತದೆ. ಆದರೆ ಇಂಥ ಒಂದೊಂದು ಜೋಡಣೆಯನ್ನೂ ಎರಡೂ ಕಡೆಯ ಅರ್ಥ ತಿಳಿದ ತಂತ್ರಜ್ಞರು ಕೂತು ಬರೆಯಬೇಕು. ಆ ತಿಳಿವಳಿಕೆ ಅವರ ತಲೆಯಲ್ಲಿ ಉಳಿಯುತ್ತದೆಯೇ ಹೊರತು ಸೇವೆಯ ವಿವರಣೆಯಲ್ಲಿ ಸೇರುವುದಿಲ್ಲ. ಅದನ್ನು ಯಂತ್ರ ಓದಬಲ್ಲ ರೂಪದಲ್ಲಿ ಬರೆದಿಡುವುದೇ ಸೆಮ್ಯಾಂಟಿಕ್ ವೆಬ್ ಸೇವೆಗಳ ಸಂಶೋಧನೆಯ ಗುರಿ. ಅಲ್ಲಿನ ಹೆಚ್ಚಿನ ಚರ್ಚೆ ಒಳಹರಿವು–ಹೊರಹರಿವುಗಳ ಸುತ್ತ ನಡೆದಿದೆ. ವಿಜಯಪುರದ ಸಂದರ್ಭದಲ್ಲಿ ನಿಜವಾದ ತೊಡಕಿರುವುದು ಪೂರ್ವಷರತ್ತು ಮತ್ತು ಪರಿಣಾಮಗಳಲ್ಲಿ, ಮತ್ತು ಅವುಗಳನ್ನು ಕಂದಾಯ ಹಾಗೂ ಕೃಷಿಯ ಸ್ಥಳೀಯ ಜ್ಞಾನವಿಲ್ಲದೆ ಬರೆಯಲಾಗದು ಎಂಬುದು ಈ ಲೇಖನದ ವಾದ.

ಹಿನ್ನೆಲೆ

ಟಿಮ್ ಬರ್ನರ್ಸ್-ಲೀ, ಜೇಮ್ಸ್ ಹೆಂಡ್ಲರ್ ಮತ್ತು ಓರಾ ಲಸ್ಸಿಲಾ 2001ರ ಮೇ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಸೆಮ್ಯಾಂಟಿಕ್ ವೆಬ್‌ನ ಕಲ್ಪನೆಯನ್ನು ಮುಂದಿಟ್ಟರು. ಒಂದು ಕ್ಷೇತ್ರದ ಪರಿಕಲ್ಪನೆಗಳನ್ನೂ ಅವುಗಳ ಸಂಬಂಧಗಳನ್ನೂ ಯಂತ್ರಕ್ಕೆ ತಿಳಿಯುವಂತೆ ವ್ಯಾಖ್ಯಾನಿಸುವುದೇ ಆಂಟಾಲಜಿ. ಅದನ್ನು ಬರೆಯುವ ಭಾಷೆ ಔಲ್ 2004ರ ಫೆಬ್ರವರಿಯಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿಯ ಶಿಫಾರಸಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಸೇವೆಗಳಿಗಾಗಿಯೇ ರೂಪಿಸಿದ ಔಲ್-ಎಸ್ ಆ ಸಂಸ್ಥೆಗೆ ಸಲ್ಲಿಕೆಯಾಯಿತು. ಸೇವೆ ಏನು ಮಾಡುತ್ತದೆ, ಹೇಗೆ ಮಾಡುತ್ತದೆ, ಅದನ್ನು ಕರೆಯುವ ಬಗೆ ಯಾವುದು ಎಂಬ ಮೂರು ಭಾಗಗಳಲ್ಲಿ ಅದು ಸೇವೆಯನ್ನು ವಿವರಿಸುತ್ತದೆ. ಡಬ್ಲ್ಯೂಎಸ್‌ಡಿಎಲ್ ಎಂಬ ಮೊದಲಿನ ಸೇವಾ ವಿವರಣೆಯ ಭಾಷೆ ಸಂದೇಶದ ಆಕಾರವನ್ನಷ್ಟೇ ಹೇಳುತ್ತಿತ್ತು. ಔಲ್-ಎಸ್ ಅದಕ್ಕೆ ಪೂರ್ವಷರತ್ತು ಮತ್ತು ಪರಿಣಾಮಗಳನ್ನು ಸೇರಿಸಿತು. ಒಂದು ಸೇವೆಯ ಪರಿಣಾಮ ಇನ್ನೊಂದರ ಪೂರ್ವಷರತ್ತಾದರೆ, ಎರಡನ್ನೂ ಕೂಡಿಸುವ ಯೋಜನೆಯನ್ನು ಯಂತ್ರವೇ ಹಾಕಬಹುದು.

ಈ ಭಾರದ ವಿಧಾನ ಬಳಕೆಯಲ್ಲಿ ಬೇರೂರಲಿಲ್ಲ. ಸೇವೆಗಳನ್ನು ಹುಡುಕಲೆಂದು ಐಬಿಎಂ, ಮೈಕ್ರೋಸಾಫ್ಟ್, ಸ್ಯಾಪ್ ಕಂಪನಿಗಳು ನಡೆಸುತ್ತಿದ್ದ ಸಾರ್ವಜನಿಕ ಯುಡಿಡಿಐ ಸೇವಾಕೋಶ 2006ರ ಆರಂಭದಲ್ಲೇ ಮುಚ್ಚಿತು. ಇರುವ ವಿವರಣೆಯ ಮೇಲೆ ಆಂಟಾಲಜಿಯ ಪದಕ್ಕೊಂದು ಕೊಂಡಿ ಅಂಟಿಸುವ ಹಗುರ ವಿಧಾನ ಎಸ್‌ಎಡಬ್ಲ್ಯೂಎಸ್‌ಡಿಎಲ್ 2007ರಲ್ಲಿ ಶಿಫಾರಸಾಯಿತು. 2011ರಲ್ಲಿ ಹುಡುಕುತಾಣಗಳು ಕೂಡಿ ತಂದ ಸ್ಕೀಮಾ ಡಾಟ್ ಆರ್ಗ್ ಇನ್ನೂ ಹಗುರ, ಅದಕ್ಕೇ ಇನ್ನೂ ವ್ಯಾಪಕ. ನಮ್ಮ ಜಿಲ್ಲೆಗೂ ಹಗುರ ದಾರಿಯೇ ಸರಿ: ಈಗಿರುವ ಎಪಿಐಗಳನ್ನು ಕೆಡವದೆ, ಅವುಗಳ ಮೇಲೆ ಅರ್ಥದ ಗುರುತು ಹಾಕಬೇಕು. ಆದರೆ ವಿಸ್ತೀರ್ಣ, ಸ್ಥಳ, ಬೆಳೆ ಈ ಮೂರರ ವ್ಯಾಖ್ಯೆ ಮಾತ್ರ ಬಿಗಿಯಾಗಿರಲೇಬೇಕು.

ಎರಡೆಕರೆ ಇಪ್ಪತ್ತು ಗುಂಟೆ

ಒಂದು ಹೊಲ 2 ಎಕರೆ 20 ಗುಂಟೆ ಇದೆಯೆಂದುಕೊಳ್ಳೋಣ. ಉತಾರದಲ್ಲಿ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಇಟ್ಟು ಬರೆಯುವುದರಿಂದ ಅದು 2.20 ಎಂದು ಕಾಣುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಹೊಲ ವಾಸ್ತವವಾಗಿ ಎರಡೂವರೆ ಎಕರೆ, ಅಂದರೆ 1.01 ಹೆಕ್ಟೇರ್. ಆ ಚುಕ್ಕಿಯನ್ನು ದಶಮಾಂಶವೆಂದು ಓದುವ ಸೇವೆಗೆ ಅದು 0.89 ಹೆಕ್ಟೇರ್ ಆಗಿಬಿಡುತ್ತದೆ. ಹನ್ನೆರಡು ಗುಂಟೆ ದ್ರಾಕ್ಷಿ ಪಡ ಸದ್ದಿಲ್ಲದೆ ವಿಮೆಯಿಂದ ಹೊರಗೆ! ಎರಡೂ ಕಡೆ ಕ್ಷೇತ್ರದ ಹೆಸರು ‘ವಿಸ್ತೀರ್ಣ’, ಎರಡೂ ಕಡೆ ಮಾದರಿ ‘ಸಂಖ್ಯೆ’. ಡಬ್ಲ್ಯೂಎಸ್‌ಡಿಎಲ್ ಮಟ್ಟದ ತಪಾಸಣೆಗೆ ಇಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆಂಟಾಲಜಿಯಲ್ಲಿ ವಿಸ್ತೀರ್ಣವನ್ನು ಬರಿಯ ಸಂಖ್ಯೆಯಾಗಿ ಇಡದೆ, ಎಕರೆ–ಗುಂಟೆ–ಆಣೆಗಳ ಪ್ರತ್ಯೇಕ ಘಟಕಗಳುಳ್ಳ ಪರಿಮಾಣವೆಂದು ವ್ಯಾಖ್ಯಾನಿಸಿ ಹೆಕ್ಟೇರಿಗೆ ಬದಲಿಸುವ ನಿಯಮವನ್ನು ಜೊತೆಗಿಟ್ಟರೆ ಈ ತಪ್ಪು ಅರ್ಜಿ ಸಲ್ಲಿಕೆಗೆ ಮೊದಲೇ ಸಿಕ್ಕಿಬೀಳುತ್ತದೆ.

ಸ್ಥಳದ ವಿಷಯ ಇನ್ನೂ ಸೂಕ್ಷ್ಮ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಇದು ಬರಿಯ ಮರುನಾಮಕರಣ. ಅಂದಿನ ಜಿಲ್ಲೆ, ಇಂದಿನ ಜಿಲ್ಲೆ ಎರಡನ್ನೂ ಔಲ್‌ನ ‘ಒಂದೇ ವಸ್ತು’ ಸಂಬಂಧದಿಂದ ಬೆಸೆಯಬಹುದು. ಆದರೆ 1997ಕ್ಕೆ ಹಿಂದಿನ ಬಿಜಾಪುರ ಜಿಲ್ಲೆಯಲ್ಲಿ ಬಾಗಲಕೋಟೆಯೂ ಸೇರಿತ್ತು. ಆ ಕಾಲದ ದಾಖಲೆಗೆ ಇದೇ ಸಂಬಂಧ ಹಚ್ಚಿದರೆ ಜಮಖಂಡಿಯ ಹೊಲವೂ ವಿಜಯಪುರ ಜಿಲ್ಲೆಯದಾಗುತ್ತದೆ. ತಾಲ್ಲೂಕಿನ ಮಟ್ಟದಲ್ಲೂ ಇದೇ ಪಾಡು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ತಾಲ್ಲೂಕನ್ನು ಒಡೆದು ಮಾಡಿದವು. ಹಳೆಯ ಸಾಲದ ಪತ್ರದಲ್ಲಿ ‘ಬಿಜಾಪುರ ತಾಲ್ಲೂಕು’ ಎಂದಿದ್ದರೆ ಆ ಹೊಲ ಇಂದು ಮೂರರಲ್ಲಿ ಯಾವುದರಲ್ಲೂ ಇರಬಹುದು. ಗ್ರಾಮ ಮತ್ತು ಸರ್ವೆ ನಂಬರ್ ನೋಡಿಯೇ ತೀರ್ಮಾನಿಸಬೇಕು. ಇಲ್ಲಿ ಬೇಕಾದದ್ದು ‘ಇದರ ಜಾಗಕ್ಕೆ ಬಂದದ್ದು’ ಎಂಬ, ದಿನಾಂಕವುಳ್ಳ ಸಂಬಂಧ. ಹೆಸರಿನ ಅಕ್ಷರ ಹೊಂದಿಸಿ ಸ್ಥಳ ಗುರುತಿಸುವುದಂತೂ ಕೂಡದು: ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ, ಛತ್ತೀಸಗಢದಲ್ಲಿ ಬಿಜಾಪುರವೆಂಬ ಜಿಲ್ಲೆಯೇ ಇದೆ.

ಸ್ಥಳಗಳ ಆಂಟಾಲಜಿಗೆ ಕರ್ನಾಟಕದಲ್ಲೇ ಬೌದ್ಧಿಕ ಪರಂಪರೆಯಿದೆ. ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಡಿಆರ್‌ಟಿಸಿಯ ಸಂಶೋಧಕರು, ರಂಗನಾಥನ್ ಅವರ ಮುಖವಿಶ್ಲೇಷಣೆಯ (ಫ್ಯಾಸೆಟ್ ಅನಾಲಿಸಿಸ್) ಪದ್ಧತಿಯನ್ನು ಇಟಲಿಯ ಟ್ರೆಂಟೋ ವಿಶ್ವವಿದ್ಯಾಲಯದ ಜೊತೆಗೂಡಿ ಭೂಸ್ಥಳಗಳ ಆಂಟಾಲಜಿಗೆ ಅನ್ವಯಿಸಿದ್ದಾರೆ. ಗ್ರಂಥ ವರ್ಗೀಕರಣಕ್ಕಾಗಿ ಹುಟ್ಟಿದ ಈ ಚಿಂತನೆ ಕಂದಾಯ ದಾಖಲೆಗೂ ಒಗ್ಗುತ್ತದೆಂದು ನಾನು ದೃಢವಾಗಿ ನಂಬುತ್ತೇನೆ.

‘ನಮೂದಾಗಿಲ್ಲ’ ಎಂದರೆ ‘ಇಲ್ಲ’ವೇ?

ಔಲ್ ಭಾಷೆಯ ತರ್ಕ ತೆರೆದ ಜಗತ್ತಿನದು. ಹೇಳದೆ ಬಿಟ್ಟದ್ದು ಅದಕ್ಕೆ ಸುಳ್ಳಲ್ಲ, ತಿಳಿಯದ್ದು ಅಷ್ಟೆ. ಕಚೇರಿಯ ತರ್ಕ ಇದಕ್ಕೆ ತದ್ವಿರುದ್ಧ: ಉತಾರದ 12ನೇ ಕಾಲಮ್ಮಿನಲ್ಲಿ ದ್ರಾಕ್ಷಿ ಇಲ್ಲದಿದ್ದರೆ ಹೊಲದಲ್ಲೂ ಇಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದು ಬೆಳೆಯ ಸ್ವರೂಪವೇ ಬದಲಾಗುತ್ತಿರುವ ಸೀಮೆಯಲ್ಲಿ ಈ ಎರಡನೆಯ ತರ್ಕ ರೈತನಿಗೆ ಅನ್ಯಾಯ ಮಾಡುತ್ತದೆ. ಜೋಳದ ಹೊಲದಲ್ಲಿ ದ್ರಾಕ್ಷಿ ಹಚ್ಚಿದ್ದು ದಾಖಲೆಗೆ ತಲುಪಲು ಹೊತ್ತು ಹಿಡಿಯುತ್ತದೆ. ಮೇಲಾಗಿ 9ನೇ ಕಾಲಮ್ಮಿನ ಮಾಲೀಕ, 12ನೇ ಕಾಲಮ್ಮಿನ ಸಾಗುವಳಿದಾರ, ಲಾವಣಿ ಹಿಡಿದು ನಿಜವಾಗಿ ದುಡಿಯುವವ — ಮೂವರೂ ಬೇರೆ ಬೇರೆ ಇರಬಹುದು.

ಹಾಗೆಂದು ವಿಮೆಯ ಸೇವೆ ‘ತಿಳಿಯದು’ ಎಂಬ ಉತ್ತರ ಹಿಡಿದು ಕೂರಲಾಗದು. ಆದ್ದರಿಂದ ಎರಡು ಪದರ ಬೇಕು. ಕೆಳಗಿನ ಪದರದಲ್ಲಿ ಔಲ್‌ನ ತೆರೆದ ತರ್ಕ. ಮೇಲೆ, 2017ರಲ್ಲಿ ಶಿಫಾರಸಾದ ಶ್ಯಾಕಲ್ ನಿಯಮಗಳಿಂದ ಮುಚ್ಚಿದ ತಪಾಸಣೆ. ಉತಾರದಲ್ಲಿ ಬೆಳೆ ನಮೂದಾಗದೆ ಸಮೀಕ್ಷೆಯಲ್ಲಿ ದ್ರಾಕ್ಷಿ ದಾಖಲಾಗಿದ್ದರೆ ಫಲಿತಾಂಶ ‘ತಿರಸ್ಕೃತ’ ಆಗಬಾರದು. ‘ಸ್ಥಳ ಪರಿಶೀಲನೆ ಬೇಕು’ ಎಂದಾಗಿ, ಗ್ರಾಮ ಆಡಳಿತಾಧಿಕಾರಿಯ ಕೆಲಸದ ಪಟ್ಟಿಗೆ ಹೋಗಬೇಕು. ತಿರಸ್ಕಾರ ಮತ್ತು ಅಜ್ಞಾನಗಳ ನಡುವಿನ ಈ ವ್ಯತ್ಯಾಸವನ್ನು ಸೇವೆಯ ವಿವರಣೆಯಲ್ಲೇ ಬರೆಯಬಹುದೆಂಬುದು ಆಂಟಾಲಜಿಯ ದೊಡ್ಡ ಉಪಕಾರ.

ಬೆಳೆಯ ಕಾಲವನ್ನೂ ಹೀಗೇ ಬಿಡಿಸಬೇಕು. ದಾಖಲೆಗಳು ಮುಂಗಾರು, ಹಿಂಗಾರು, ಬೇಸಿಗೆ ಎಂದು ವರ್ಷವನ್ನು ಹಂಚುತ್ತವೆ. ದ್ರಾಕ್ಷಿ ಬಹುವಾರ್ಷಿಕ ಬಳ್ಳಿ. ಅದರ ಲೆಕ್ಕ ಚಾಟನಿಯಿಂದ, ಅಂದರೆ ಬಳ್ಳಿ ಸವರುವುದರಿಂದ. ಏಪ್ರಿಲ್ ಚಾಟನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟನಿ ಹಣ್ಣಿಗೆ. ಅಕ್ಟೋಬರ್ ಚಾಟನಿಯ ನಂತರ ಹೂ ಬಿಡುವ ಹೊತ್ತಿಗೆ ಬೀಳುವ ಮಳೆ ಡೌನಿ ರೋಗ ತರುತ್ತದೆ. ಅದೇ ಮಳೆ ಕೊಯ್ಲಿನ ಬಳಿಕ ಬಂದರೆ ಶೆಡ್ಡಿನಲ್ಲಿ ಒಣಗಲು ಹಾಕಿದ ಹಣ್ಣಿನ ಬಣ್ಣ ಕೆಡುತ್ತದೆ. ಮಳೆಮಾಪಕದ ಮಿಲಿಮೀಟರಿಗೆ ಅರ್ಥ ಬರುವುದು ಚಾಟನಿಯ ದಿನಾಂಕದ ಜೊತೆ ಸೇರಿದಾಗಲೇ. ಆ ದಿನಾಂಕಕ್ಕೆ ಆಂಟಾಲಜಿಯಲ್ಲಿ ಸ್ಥಾನ ಇರಲೇಬೇಕು.

ಪರಿಣಾಮಗಳ ಬಗ್ಗೆ ಒಂದು ಎಚ್ಚರಿಕೆ. ಉತಾರ ಓದುವುದು, ಮಳೆಯ ಅಂಕಿ ತರುವುದು ಜಗತ್ತನ್ನು ಬದಲಿಸುವುದಿಲ್ಲ. ಇವನ್ನು ಯಂತ್ರ ತಾನಾಗಿ ಎಷ್ಟು ಸಲ ಬೇಕಾದರೂ ಮಾಡಲಿ. ವಿಮೆಯ ಕಂತು ಖಾತೆಯಿಂದ ಕಡಿತವಾಗುವುದು, ಹರಾಜಿನ ದರಕ್ಕೆ ಒಪ್ಪಿಗೆ ಕೊಡುವುದು ಹಿಂತೆಗೆಯಲಾಗದ ಪರಿಣಾಮಗಳು. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ರೈತನ ವಿಮಾ ಕಂತು ವಿಮಾ ಮೊತ್ತದ ಗರಿಷ್ಠ ಶೇ 5 ಇರಬಹುದು. ಸಣ್ಣ ಹಿಡುವಳಿಗೆ ಅದೂ ಹೊರೆಯೇ. ಪ್ರತಿ ಸೇವೆಯ ವಿವರಣೆಯಲ್ಲೂ ‘ಹಿಂತೆಗೆಯಬಹುದೇ’ ಎಂಬ ಗುಣವಿಟ್ಟು, ಉತ್ತರ ‘ಇಲ್ಲ’ ಎಂದಿರುವಲ್ಲಿ ರೈತನ ಒಪ್ಪಿಗೆಯನ್ನು ಪೂರ್ವಷರತ್ತಾಗಿಸಬೇಕು. ಆ ಒಪ್ಪಿಗೆ ಕೇಳುವ ವಾಕ್ಯ ಕನ್ನಡದಲ್ಲಿರಬೇಕು.

ಉಳಿದಿರುವುದು ಮಾರಾಟದ ಕೊಂಡಿ. ಮಣೂಕದ (ಒಣದ್ರಾಕ್ಷಿಯ) ಬಣ್ಣ, ಗಾತ್ರ, ತೇವಾಂಶಗಳನ್ನು ವಿಜಯಪುರದ ಪೇಟೆಯಲ್ಲಿ ಕನ್ನಡದಲ್ಲಿ ಹೇಳಿದರೆ ತಾಸಗಾಂವದಲ್ಲಿ ಮರಾಠಿಯಲ್ಲಿ ಹೇಳುತ್ತಾರೆ. 2009ರಲ್ಲಿ ಶಿಫಾರಸಾದ ಸ್ಕಾಸ್ ಮಾದರಿಯಲ್ಲಿ ಒಂದೇ ಪರಿಕಲ್ಪನೆಗೆ ಎರಡೂ ಭಾಷೆಯ ಹೆಸರು ಕೊಡುವುದು ಸುಲಭ. ಎರಡು ಪೇಟೆಗಳ ದರ್ಜೆಗಳು ನಿಜಕ್ಕೂ ಸಮವೇ ಎಂದು ತೀರ್ಮಾನಿಸುವುದು ಸುಲಭವಲ್ಲ. ಅದಕ್ಕೆ ದಲಾಲರನ್ನೂ ಕೋಲ್ಡ್ ಸ್ಟೋರೇಜಿನವರನ್ನೂ ಬೆಳೆಗಾರರನ್ನೂ ಒಂದೆಡೆ ಕೂರಿಸಿ, ಮಾದರಿಗಳನ್ನು ಮುಂದಿಟ್ಟುಕೊಂಡು ಹೋಲಿಸಬೇಕು. ಅಲ್ಲಿಯವರೆಗೆ ಎರಡರ ನಡುವೆ ‘ಸಮ’ ಎಂಬ ಸಂಬಂಧ ಬೇಡ, ‘ಹತ್ತಿರದ್ದು’ ಎಂಬ ಸಂಬಂಧವನ್ನಷ್ಟೇ ಬಳಸುವುದು ಕ್ಷೇಮ.