ಊಟದ ಪಟ್ಟಿ ಬಡತನದ ಪಟ್ಟಿಯೇ? ಅಮೆರಿಕದ ಶಾಲಾ ದತ್ತಾಂಶದ ಕುರಿತು ಒಂದು ಆಕ್ಷೇಪ

ಅಮೆರಿಕದ ಶಿಕ್ಷಣ ಸಂಶೋಧಕರು ವಿದ್ಯಾರ್ಥಿಯ ಬಡತನವನ್ನು ಬಹುಕಾಲದಿಂದ ಅಳೆಯುತ್ತ ಬಂದಿರುವುದು ಶಾಲಾ ಊಟದ ಪಟ್ಟಿಯಿಂದ. 1946ರ ಕಾಯ್ದೆಯಿಂದ ಬೆಳೆದ ಈ ಯೋಜನೆಯಲ್ಲಿ ಕುಟುಂಬದ ಆದಾಯ ಬಡತನ ರೇಖೆಯ ಶೇ. 130ರೊಳಗಿದ್ದರೆ ಊಟ ಉಚಿತ, ಶೇ. 185ರೊಳಗಿದ್ದರೆ ರಿಯಾಯಿತಿ ದರ. ಅಳತೆ ಒರಟು ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ; ಹಾರ್ವೆಲ್ ಮತ್ತು ಲೆಬೋ 2010ರಲ್ಲೇ ಎಚ್ಚರಿಸಿದ್ದರು.

ತಕರಾರಿರುವುದು ಡೊಮಿನಾ ಮತ್ತು ಸಹಲೇಖಕರು 2018ರಲ್ಲಿ ಕೊಟ್ಟ ಸಮಾಧಾನದ ಬಗ್ಗೆ. ಶಾಲಾ ದಾಖಲೆಗಳನ್ನು ತೆರಿಗೆ ದಾಖಲೆಗಳೊಡನೆ ಹೋಲಿಸಿದ ಅವರಿಗೆ ಕಂಡದ್ದು ಇದು: ಪಟ್ಟಿ ಆದಾಯವನ್ನು ಅಷ್ಟಾಗಿ ಹಿಡಿಯುವುದಿಲ್ಲ, ಆದರೆ ಮಕ್ಕಳ ಅಂಕಗಳನ್ನು ಆದಾಯಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ಹಾಗಾದರೆ ಅದು ಹಿಡಿಯುತ್ತಿರುವುದು ಏನನ್ನು? ಬಡತನ ಎಷ್ಟು ಕಾಲ ಉಳಿಯಿತು ಎಂಬುದನ್ನು, ಭಾಗಶಃವಾದರೂ, ಎಂದು ನನ್ನ ಊಹೆ. ಮಿಷಿಗನ್ ರಾಜ್ಯದಲ್ಲಿ ಮಿಷೆಲ್‌ಮೋರ್ ಮತ್ತು ಡೈನಾರ್‌ಸ್ಕಿ ಕಂಡಂತೆ, ಎಂಟನೇ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಸವಲತ್ತಿಗೆ ಅರ್ಹರು. ಶಿಶುವಿಹಾರದಿಂದ ಪ್ರತಿ ವರ್ಷವೂ ಅರ್ಹರಾಗಿದ್ದವರು ಶೇ. 14 ಮಾತ್ರ. ಹೆಚ್ಚು ಹಿಂದುಳಿದವರೂ ಇವರೇ. ಹಾಗಾಗಿ ಒಂದು ವರ್ಷದ ಗುರುತಿಗಿಂತ ವರ್ಷಗಳ ಎಣಿಕೆ ಮೇಲು.

ಆದರೆ ಆ ಎಣಿಕೆಯ ಬುಡವೇ ಈಗ ಸಡಿಲವಾಗಿದೆ. 2010ರ ಕಾಯ್ದೆ ತಂದ ಸಮುದಾಯ ಅರ್ಹತಾ ವ್ಯವಸ್ಥೆಯಲ್ಲಿ ಬಡ ಶಾಲೆಯೊಂದು, ನಮ್ಮ ಅಕ್ಷರ ದಾಸೋಹದಂತೆ, ಎಲ್ಲ ಮಕ್ಕಳಿಗೂ ಊಟ ಕೊಡಬಹುದು. ಮನೆಗಳಿಂದ ಅರ್ಜಿ ಕೇಳುವುದಿಲ್ಲ. ಅನುಮತಿ ನಾಲ್ಕು ವರ್ಷಗಳದು. ಎಲ್ಲರನ್ನೂ ‘ಅರ್ಹ’ ಎಂದು ಬರೆದುಕೊಳ್ಳುವ ಕಡೆ, ಉಳ್ಳವರ ಮಗುವೂ ನಾಲ್ಕು ವರ್ಷ ಸತತ ಬಡವನಾಗಿ ದಾಖಲಾಗುತ್ತದೆ. ಮನೆಯ ಗುಣ ಎಂದು ನಾವು ಓದುವುದು ಅಲ್ಲಿ ಶಾಲೆಯ ಗುಣ. ಶಾಲೆಯ ಅರ್ಹತೆಗೆ ಬೇಕಾದ, ನೆರವಿನ ಪಟ್ಟಿಗಳಿಂದ ಗುರುತಿಸಿದ ಮಕ್ಕಳ ಪ್ರಮಾಣದ ಮಿತಿಯನ್ನು 2023ರಲ್ಲಿ ಶೇ. 40ರಿಂದ 25ಕ್ಕೆ ಇಳಿಸಿದ ಮೇಲೆ ಈ ಬೆರಕೆ ಹೆಚ್ಚುವುದೇ ಸರಿ.

ಈ ಮಾತನ್ನು ಎಲ್ಲೆಡೆ ಒಂದೇ ಸಮನೆ ಅನ್ವಯಿಸಲಾಗದು. ಇಂಥ ಶಾಲೆಗಳ ಬಹುಪಾಲು ಮಕ್ಕಳು ನಿಜಕ್ಕೂ ಬಡವರಿರಬಹುದು. ಆಹಾರ ನೆರವು ಪಡೆಯುವ ಕುಟುಂಬಗಳ ಮಕ್ಕಳನ್ನು ಮಾತ್ರ ಗುರುತಿಸುವ ರಾಜ್ಯಗಳಲ್ಲಿ ನನ್ನ ಆಕ್ಷೇಪ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಡೊಮಿನಾ ಅವರ ಫಲಿತಾಂಶ ತಪ್ಪೆಂದೂ ನಾನು ಹೇಳುತ್ತಿಲ್ಲ. ಅಂಕಗಳನ್ನು ವಿವರಿಸಿದ ಮಾತ್ರಕ್ಕೆ ಅಳತೆ ಬಡತನದ್ದಾಗುವುದಿಲ್ಲ, ಅಷ್ಟೆ.

ನೆರವಿನ ಪಟ್ಟಿಯೂ ಪೂರ್ಣವಲ್ಲ. ಕಾಗದಪತ್ರವಿಲ್ಲದ ವಲಸೆಗಾರರು ಆ ನೆರವಿಗೆ ಅರ್ಹರೇ ಅಲ್ಲ. ಅವರ ಮಕ್ಕಳನ್ನು ಎಣಿಸುವ ಬಗೆ ಇನ್ನೂ ಇತ್ಯರ್ಥವಾಗಿಲ್ಲ.