ಎರೆ ನೆಲದಲ್ಲಿ ಗಾಲಿಯ ಆರೈಕೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಕಾರಿನ ತಳವನ್ನು ತಿನ್ನುವುದು ಆ ಉಪ್ಪು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಚಳಿಗಾಲವೆಂದರೆ ಒಣಹವೆ. ಇಲ್ಲಿ ಗಾಡಿಯ ತಳಕ್ಕೆ ಕೇಡು ತರುವುದು ಮಳೆ ಮತ್ತು ಎರೆ ಮಣ್ಣು. ನೀರು ಕುಡಿದು ಉಬ್ಬಿ, ಗಾಲಿಗೆ ಮೆತ್ತಿಕೊಂಡ ಈ ಮಣ್ಣು ತೇವವನ್ನು ಬೇಗ ಬಿಟ್ಟುಕೊಡುವುದಿಲ್ಲ. ಕಾರು ಬರುವ ಎಷ್ಟೋ ಮೊದಲೇ ಚಕ್ಕಡಿ ಈ ಮಣ್ಣಿನೊಂದಿಗೆ ಗುದ್ದಾಡಿತ್ತು.

ಗಾಲಿ ಎಂದರೆ ಬಡಿಗೇರ, ಕಮ್ಮಾರ ಇಬ್ಬರ ಕೆಲಸ. ಗಟ್ಟಿ ಕರಿಜಾಲಿಯಲ್ಲಿ ಗುಂಬ, ಅರಗಳು ಸಿದ್ಧವಾದ ಮೇಲೆ ಕಮ್ಮಾರ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸುತ್ತಿದ್ದ. ಕಾದು ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದಾಗ ಗಾಲಿಯನ್ನು ನೀರಲ್ಲಿ ನೆನೆಸುವುದೂ ಇತ್ತು. ಅಚ್ಚಿಗೆ ಬೇರೆಯೇ ಉಪಚಾರ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ. ಅದನ್ನು ತುಂಬಿದ ಬಿದಿರಿನ ಗೊಟ್ಟವನ್ನು ಚಕ್ಕಡಿಗೇ ಕಟ್ಟಿಕೊಂಡು ಹೊರಡುತ್ತಿದ್ದರು. ಸವೆತವನ್ನೂ ತುಕ್ಕನ್ನೂ ಒಂದೇ ಬಳಿತದಲ್ಲಿ ತಡೆದ ಈ ಜಾಣತನಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ದೂರದ ಪಯಣಕ್ಕಂತೂ ಕೀಲೆಣ್ಣೆ ಬೇಕೇ ಬೇಕಿತ್ತು. ಧಾರವಾಡ ಸೀಮೆಯ ಅರಳೆ ಘಟ್ಟ ಇಳಿದು ಕುಮಟಾ, ಕಾರವಾರದ ಬಂದರುಗಳಿಗೆ ಹೋಗುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರು ಹುಟ್ಟಿದ್ದು ಹಾಗೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತು, ಈ ಅರಳೆಗೆ ಬೆಲೆ ಏರಿತು. ಅಂಥ ದೂರದ ದಾರಿಯಲ್ಲಿ ಒಣಗಿದ ಅಚ್ಚು ಎತ್ತಿಗೂ ಹೊರೆ, ಒಡೆಯನಿಗೂ ನಷ್ಟ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು, ಚಕ್ಕಡಿಯ ದಾರಿ ಹೊಲದಿಂದ ಸ್ಟೇಷನ್ನಿಗೆ ಮೊಟಕಾಯಿತು. ಮುಂದೆ ರಬ್ಬರ್ ಟೈರು, ಆಮೇಲೆ ಟ್ರ್ಯಾಕ್ಟರ್ ಬಂದವು. ಈಗಲೂ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಡುವ ಚಕ್ಕಡಿಗಳು ಅಲ್ಲಲ್ಲಿ ಕಾಣುತ್ತವೆ. ಆದರೆ ಟ್ರ್ಯಾಕ್ಟರ್ ಎಳೆಯುವ ಟ್ರೇಲರಿನ ತಳಕ್ಕೆ ಬಳಿಯುವುದು ಇಂಜಿನ್‌ನಿಂದ ತೆಗೆದ ಹಳೆ ಆಯಿಲ್. ಅದು ತೊಟ್ಟಿಕ್ಕಿ ಹೊಲಕ್ಕೇ ಇಳಿಯುತ್ತದೆ. ಹೊಲದಲ್ಲೇ ಬೆಳೆದ ಹರಳಿನ ಎಣ್ಣೆಗೆ ಆ ದೋಷವಿರಲಿಲ್ಲ.

ಮಲಪ್ರಭಾ ಕಾಲುವೆಯ ನೀರು ಬಂದ ಮೇಲೆ ಅಚ್ಚುಕಟ್ಟಿನ ಹಲವೆಡೆ ಭೂಮಿ ಸವಳಾಗಿದೆ. ಉಪ್ಪು ಬೆರೆತ ತೇವದಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಅಂಥ ಹೊಲದಿಂದ ಬಂದ ಗಾಡಿಯ ತಳದ ಕೆಸರನ್ನು ಒಣಗುವ ಮೊದಲೇ ಸಿಹಿನೀರಿನಿಂದ ತೊಳೆಯಬೇಕು, ಬಳಿಯುವುದೇನಿದ್ದರೂ ಆಮೇಲೆ.